ದಂಡಿನ ತಟ್ಟೆಗೆ ಏಷ್ಯಾ ಬಂದ ದಾರಿ

ಎಂ.ಜಿ. ರಸ್ತೆಯ ಸುತ್ತಮುತ್ತ ಇಳಿದುಕೊಳ್ಳುವ ಪ್ರವಾಸಿಗರು ಆಟೋ ಚಾಲಕರನ್ನೂ ಲಾಡ್ಜಿನ ಹುಡುಗರನ್ನೂ ಕೇಳುವ ಪ್ರಶ್ನೆಗಳಲ್ಲಿ ಒಂದು ತೀರಾ ಹಳೆಯದು: 'ಇಲ್ಲಿ ಒಳ್ಳೆಯ ಚೈನೀಸ್ ಊಟ ಎಲ್ಲಿ ಸಿಗುತ್ತದೆ? ಜೇಬಿಗೆ ಭಾರವಾಗಬಾರದು.' ಕಾಲ ಕಳೆದಂತೆ ಚೈನೀಸ್ ಜೊತೆಗೆ ಮೊಮೊ, ಥಾಯ್, ಕೊರಿಯನ್, ಅರಬ್ಬೀ ಊಟಗಳ ಹೆಸರೂ ಸೇರಿಕೊಂಡಿವೆ. ಪ್ರಶ್ನೆಯ ಎರಡನೆಯ ಭಾಗ ಮಾತ್ರ ಬದಲಾಗಿಲ್ಲ.

ಇದಕ್ಕೆ ಉತ್ತರವಾಗಿ ಹತ್ತು ಹೋಟೆಲುಗಳ ಪಟ್ಟಿ ಕೊಟ್ಟುಬಿಡಬಹುದು. ಆದರೆ ಬೆಂಗಳೂರಿನಲ್ಲಿ ಇಂಥ ಪಟ್ಟಿ ಅನ್ನಕ್ಕಿಂತ ಬೇಗ ಹಳಸುತ್ತದೆ. ಬಾಡಿಗೆ ಏರಿದರೆ ಹೋಟೆಲು ಮುಚ್ಚುತ್ತದೆ, ಇಲ್ಲವೇ ಬೇರೆ ಬಡಾವಣೆಗೆ ಹೋಗುತ್ತದೆ. ಹೆಚ್ಚು ಕಾಲ ಬಾಳುವ ಉತ್ತರ ಊರಿನ ಚರಿತ್ರೆಯಲ್ಲಿದೆ. ದಂಡು ಪ್ರದೇಶಕ್ಕೆ ಏಷ್ಯಾದ ಬೇರೆ ಬೇರೆ ಮೂಲೆಗಳ ಅಡುಗೆ ಯಾರ ಜೊತೆ ಬಂತು, ಯಾವ ದಾರಿಯಿಂದ ಬಂತು ಎಂದು ತಿಳಿದರೆ ಅಗ್ಗದ, ರುಚಿಯಾದ ಊಟವನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. ಆ ದಾರಿಯಲ್ಲಿ ನಡೆದು ಬಂದವರಲ್ಲಿ ನೆಲೆ ತಪ್ಪಿದವರೇ ಹೆಚ್ಚು.

ಒಂದು ಊರು, ಎರಡು ಅಡುಗೆಮನೆ

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರಲ್ಲಿ ಬೆಂಗಳೂರಿಗೆ ಬಂತು. ಹಲಸೂರಿನ ಆಸುಪಾಸಿನಲ್ಲಿ ದಂಡು ಬೀಡುಬಿಟ್ಟಿತು. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ ದಂಡು. ಹೀಗೆ ಒಂದೇ ಹೆಸರಿನ ಎರಡು ಊರುಗಳು ಪಕ್ಕಪಕ್ಕದಲ್ಲಿ ಬೆಳೆದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಪ್ರದೇಶ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡೂ ಊರುಗಳು ಸೇರಿ ಒಂದೇ ನಗರಸಭೆ ಆದದ್ದು 1949ರಲ್ಲಿ.

ಆಡಳಿತ ಒಂದಾದರೂ ಅಡುಗೆಮನೆ ಬೇರೆಯಾಗಿಯೇ ಉಳಿಯಿತು. ಪೇಟೆಯ ಕಡೆ ಎಂ.ಟಿ.ಆರ್. (1924), ವಿದ್ಯಾರ್ಥಿ ಭವನ (1943) ಮುಂತಾದ ಹೋಟೆಲುಗಳು ದೋಸೆ, ಇಡ್ಲಿ, ಕಾಫಿಗೆ ಹೆಸರಾದವು. ದಂಡಿನ ಕಡೆ ಸೈನಿಕರು, ಅವರ ಹಿಂದೆ ಬಂದ ತಮಿಳು ಕೂಲಿಕಾರರು, ಮುಸ್ಲಿಂ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ನರು ಇದ್ದರು. ಅಲ್ಲಿ ಬೇಕರಿಯ ರೊಟ್ಟಿಗೂ ಕುರಿ ಮಾಂಸಕ್ಕೂ ಗಿರಾಕಿ ಇತ್ತು. ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಲ್ಲಿ. ಅಲ್ಲಿ 1933ರಲ್ಲಿ ಶುರುವಾದ ರಸೆಲ್ ಮಾರುಕಟ್ಟೆಗೆ ತರಕಾರಿ, ಹಣ್ಣು, ಮೀನು, ಮಾಂಸ ಎಲ್ಲವೂ ಒಂದೇ ಸೂರಿನಡಿ ಬಂದು ಬೀಳುತ್ತಿದ್ದವು. ಹೊಸ ಹೋಟೆಲು ತೆರೆಯುವವರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು?

ಏಷ್ಯಾದ ಊಟವೆಂದರೆ ಚೀನಾದ ಊಟ ಎಂದೇ ಹಲವರ ಎಣಿಕೆ. ಆದರೆ ದಂಡಿಗೂ ಪಶ್ಚಿಮ ಏಷ್ಯಾಕ್ಕೂ ನಂಟು ಬೆಸೆದದ್ದು ಅದಕ್ಕಿಂತ ಮೊದಲು, ಕುದುರೆಗಳ ಮೂಲಕ. ಪರ್ಷಿಯಾದ ಷಿರಾಜ್ ನಗರದಿಂದ ಆಗಾ ಅಲಿ ಅಸ್ಕರ್ ಎಂಬ ವ್ಯಾಪಾರಿ 1820ರ ದಶಕದಲ್ಲಿ ಇಲ್ಲಿಗೆ ಬಂದರು. ದಂಡಿಗೆ ಕುದುರೆ ಮಾರಿದರು, ಬಂಗಲೆಗಳನ್ನು ಕಟ್ಟಿಸಿದರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಆ ಕುಟುಂಬದ ಕುದುರೆ ಲಾಯಗಳಿದ್ದ ಜಾಗದಲ್ಲಿ ಮುಂದೆ ರಿಚ್ಮಂಡ್ ಟೌನಿನ ಮಾರುಕಟ್ಟೆ ಎದ್ದಿತು. ಜನರ ಬಾಯಲ್ಲಿ ಅದು ಜಾನ್ಸನ್ ಮಾರ್ಕೆಟ್. ಸೀಕ್ ಕಬಾಬ್, ಸಮೋಸ, ಹಾಲಿಲ್ಲದ ಸುಲೇಮಾನಿ ಚಹಾಕ್ಕಾಗಿ ಇಂದಿಗೂ ಜನ ಅಲ್ಲಿಗೆ ಹೋಗುತ್ತಾರೆ. ಶಿವಾಜಿನಗರ, ಫ್ರೇಜರ್ ಟೌನುಗಳಲ್ಲಿ ಈಚಿನ ದಶಕಗಳಲ್ಲಿ ಷವರ್ಮಾ, ಮಂದಿ ಮಾರುವ ಅಂಗಡಿಗಳು ಬಂದಿವೆ. ಇವು ಬಂದ ದಾರಿ ಬೇರೆ. ಕೊಲ್ಲಿ ದೇಶಗಳಲ್ಲಿ ದುಡಿದು ಮರಳಿದವರ ದಾರಿ.

ಕಲ್ಕತ್ತದಿಂದ ಬಂದವರು

ಚೀನಾದ ಹೆಸರು ಕನ್ನಡಕ್ಕೆ ಹೊಸದಲ್ಲ. ರೇಷ್ಮೆ ಬಟ್ಟೆಗೆ ಚೀನಾಂಬರ ಎನ್ನುವ ಮಾತು ಹಳೆಯದು. ಕರಾವಳಿಯ ಕಡೆ ಸಿಹಿ ಕುಂಬಳಕಾಯಿಗೆ ಚೀನಿಕಾಯಿ ಎನ್ನುತ್ತಾರೆ. ನಾವು ದಿನಕ್ಕೆರಡು ಸಲ ಹೀರುವ ಚಹಾದ ಹೆಸರೂ ಅಲ್ಲಿಯದೇ. ಹೆಸರು, ವಸ್ತುಗಳು ಮೊದಲು ಬಂದವು. ಮನುಷ್ಯರು ನಿಧಾನವಾಗಿ ಬಂದರು.

ಭಾರತದಲ್ಲಿ ಚೀನೀಯರ ನೆಲೆ ಶುರುವಾದದ್ದು ಬಂಗಾಳದಲ್ಲಿ. ಹದಿನೆಂಟನೇ ಶತಮಾನದ ಕೊನೆಯ ದಶಕಗಳಲ್ಲಿ, ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ, ಅಚ್ಯೂ ಎಂಬ ವ್ಯಾಪಾರಿ ಕಲ್ಕತ್ತದ ಬಳಿ ಹೂಗ್ಲಿ ನದಿಯ ದಂಡೆಯಲ್ಲಿ ಭೂಮಿ ಪಡೆದು ಸಕ್ಕರೆ ಕಾರ್ಖಾನೆ ಹೂಡಿದ. ಅವನ ಹೆಸರಿನ ಅಚಿಪುರ ಈಗಲೂ ಇದೆ. ಅವನ ಹಿಂದೆ ಬಂದವರು ಕಲ್ಕತ್ತದಲ್ಲಿ ನೆಲೆಸಿದರು. ಕ್ಯಾಂಟನ್ ಕಡೆಯವರು ಬಡಗಿಗಳಾದರು. ಹಕ್ಕಾ ಜನ ಚರ್ಮ ಹದ ಮಾಡುವ ಕೆಲಸಕ್ಕೂ ಬೂಟು ಹೊಲಿಯುವ ಕೆಲಸಕ್ಕೂ ಇಳಿದರು. ಹುಬೇ ಪ್ರಾಂತದವರು ದಂತ ವೈದ್ಯರಾದರು. ನಮ್ಮ ಹೋಟೆಲುಗಳ ಪಟ್ಟಿಯಲ್ಲಿ ಕಾಣುವ 'ಹಕ್ಕಾ ನೂಡಲ್ಸ್' ಎಂಬುದು ಒಂದು ಜನಾಂಗದ ಹೆಸರು ಹೊತ್ತ ತಿನಿಸೆಂದು ಗೊತ್ತಿರುವವರು ಕಡಿಮೆ.

ಕಲ್ಕತ್ತದಿಂದ ಕೆಲವು ಕುಟುಂಬಗಳು ಮುಂಬೈ, ಮದರಾಸು, ಬೆಂಗಳೂರುಗಳ ಕಡೆ ಹೊರಟವು. ಬೆಂಗಳೂರಿಗೆ ಬಂದವರು ಪೇಟೆಯ ಕಡೆ ಹೋಗದೆ ದಂಡಿನಲ್ಲೇ ನಿಂತದ್ದು ಸಹಜ. ಅವರ ಕೈಕೆಲಸಕ್ಕೆ ಗಿರಾಕಿ ಇದ್ದದ್ದು ಅಲ್ಲೇ. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ, ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನಲ್ಲಿ ಅವರ ಬೂಟಿನ ಅಂಗಡಿಗಳು, ಹಲ್ಲಿನ ದವಾಖಾನೆಗಳು, ಬ್ಯೂಟಿ ಪಾರ್ಲರುಗಳು ಬಂದವು. ಜೊತೆಗೆ ಹೋಟೆಲುಗಳೂ ಬಂದವು. ರೆಸಿಡೆನ್ಸಿ ರಸ್ತೆಯ 'ಚುಂಗ್ ವಾ' ಹೆಸರು ಹೇಳಿದರೆ ನಗರದ ಎಷ್ಟೋ ಹಿರಿಯರ ಮುಖ ಅರಳುತ್ತದೆ.

ಇಂಥ ಹೋಟೆಲುಗಳಲ್ಲಿ ಬೆಲೆ ಹಿಡಿತದಲ್ಲಿದ್ದುದಕ್ಕೆ ಕಾರಣ ಸರಳ. ಅಪ್ಪ ಒಲೆಯ ಮುಂದೆ, ಅಮ್ಮ ಗಲ್ಲದ ಮುಂದೆ, ಮಕ್ಕಳು ಸ್ಕೂಲು ಮುಗಿಸಿ ಬಂದು ತರಕಾರಿ ಹೆಚ್ಚುವುದು. ಕೂಲಿಯ ಲೆಕ್ಕ ಮನೆಯೊಳಗೇ ಮುಗಿಯುತ್ತಿತ್ತು. ಚೀನೀ ಅಡುಗೆಯ ಕ್ರಮವೂ ಅದಕ್ಕೆ ಒಗ್ಗುವಂಥದ್ದು. ಎಲ್ಲವನ್ನೂ ಮೊದಲೇ ಹೆಚ್ಚಿಟ್ಟು, ಜೋರು ಉರಿಯ ಮೇಲೆ ಒಂದೇ ಬಾಣಲೆಯಲ್ಲಿ ಎರಡು ಮೂರು ನಿಮಿಷ ಹುರಿದರೆ ತಟ್ಟೆ ಸಿದ್ಧ. ಉರುವಲೂ ಉಳಿತಾಯ, ಕಾಲವೂ ಉಳಿತಾಯ. ಸ್ವಲ್ಪ ಮಾಂಸಕ್ಕೆ ಹೆಚ್ಚು ತರಕಾರಿ ಸೇರಿಸಿದರೂ ತಿನ್ನುವವರಿಗೆ ಕೊರತೆ ಕಾಣುವುದಿಲ್ಲ.

1962ರ ನೆರಳು

ಚೀನಾದೊಡನೆ 1962ರ ಅಕ್ಟೋಬರಿನಲ್ಲಿ ಯುದ್ಧ ಶುರುವಾಯಿತು. ಮೂರು ತಲೆಮಾರು ಇಲ್ಲೇ ಹುಟ್ಟಿ ಬೆಳೆದ ಕುಟುಂಬಗಳು ರಾತ್ರೋರಾತ್ರಿ ಶತ್ರುದೇಶದವರೆನಿಸಿದವು. ಅಸ್ಸಾಂ, ಡಾರ್ಜಿಲಿಂಗ್, ಕಲ್ಕತ್ತ ಮೊದಲಾದ ಕಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಅವರಲ್ಲಿ ಮುದುಕರಿದ್ದರು, ಮಕ್ಕಳಿದ್ದರು. ಯುದ್ಧ ಮುಗಿದದ್ದು ಒಂದು ತಿಂಗಳಿಗೆ. ಶಿಬಿರದಲ್ಲಿದ್ದ ಕೆಲವರಿಗೆ ಬಿಡುಗಡೆ ಸಿಕ್ಕಿದ್ದು 1967ರ ಹೊತ್ತಿಗೆ.

ಶಿಬಿರಕ್ಕೆ ಹೋಗದವರಿಗೂ ನೆಮ್ಮದಿ ಇರಲಿಲ್ಲ. ಚೀನೀ ಮೂಲದವರು ಪೊಲೀಸರಲ್ಲಿ ಹೆಸರು ಬರೆಸಬೇಕಿತ್ತು, ಊರು ಬಿಡಲು ಅನುಮತಿ ಕೇಳಬೇಕಿತ್ತು. ಕಲ್ಕತ್ತದ ಎಷ್ಟೋ ಕುಟುಂಬಗಳು ಮುಂದಿನ ವರ್ಷಗಳಲ್ಲಿ ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟುಹೋದವು. ಉಳಿದವರಲ್ಲಿ ಅನೇಕರು ಅಡುಗೆಯನ್ನೇ ಆಶ್ರಯಿಸಿದರು. ದೇಶದ ಮೇಲೆ ಸಿಟ್ಟಿದ್ದವರೂ ಆ ದೇಶದ ಊಟದ ಮೇಲೆ ಸಿಟ್ಟು ತೋರಿಸಲಿಲ್ಲ. ಒಂದು ಕಡೆ ಅಡುಗೆ ಬಲ್ಲವರ ಸಂಖ್ಯೆ ಇಳಿಯುತ್ತಿತ್ತು, ಇನ್ನೊಂದು ಕಡೆ ಅವರ ಅಡುಗೆಗೆ ಬೇಡಿಕೆ ಏರುತ್ತಿತ್ತು. ಆ ತೆರವನ್ನು ತುಂಬಲು ಬೇರೆಯವರು ಬಂದರು.

ಬೈಲಕುಪ್ಪೆಯ ಮೊಮೊ

1959ರಲ್ಲಿ ದಲೈಲಾಮಾ ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅವರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಂಚೂಣಿಯಲ್ಲಿತ್ತು. ಪಿರಿಯಾಪಟ್ಟಣದ ಬಳಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲವನ್ನು ಅವರಿಗಾಗಿ ಬಿಡಲಾಯಿತು. 1960-61ರಲ್ಲಿ ಅಲ್ಲಿ ಮೊದಲ ನೆಲೆ ಶುರುವಾಯಿತು. ಬೈಲಕುಪ್ಪೆಯಲ್ಲೇ ಎರಡನೆಯದು, ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಸೇರಿ ಒಟ್ಟು ಐದು ನೆಲೆಗಳಾದವು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಮಂಜಿನ ನಾಡಿನಿಂದ ಬಂದವರು ಇಲ್ಲಿ ಮುಸುಕಿನ ಜೋಳ ಬೆಳೆದರು. ಹೊಲದ ಕೆಲಸ ಮುಗಿದ ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದರು. ಬೆಂಗಳೂರಿಗೂ ಬಂದರು. ಅವರ ಮಕ್ಕಳು ಓದಲು ಬಂದರು. ಬ್ರಿಗೇಡ್ ರಸ್ತೆಯ ಸುತ್ತ ಅವರ ಅಂಗಡಿಗಳೂ ಪುಟ್ಟ ಹೋಟೆಲುಗಳೂ ಹುಟ್ಟಿಕೊಂಡವು. ಮೊಮೊ, ತುಕ್ಪಾಗಳು ನಗರಕ್ಕೆ ಪರಿಚಯವಾದದ್ದರಲ್ಲಿ ಅವರ ಪಾಲು ದೊಡ್ಡದು. ಹಿಟ್ಟಿನ ಹಾಳೆಯೊಳಗೆ ಹೂರಣವಿಟ್ಟು ಹಬೆಯಲ್ಲಿ ಬೇಯಿಸುವುದು ಕಡುಬು ತಿಂದ ನಾಲಗೆಗೆ ತೀರಾ ಅಪರಿಚಿತವೂ ಆಗಿರಲಿಲ್ಲ. ಗೌರಿ ಗಣೇಶ ಹಬ್ಬದಲ್ಲಿ ಒಳಗೆ ಬೆಲ್ಲ ಕಾಯಿ, ಬ್ರಿಗೇಡ್ ರಸ್ತೆಯಲ್ಲಿ ಕೋಸು ಇಲ್ಲವೇ ಮಾಂಸ, ವ್ಯತ್ಯಾಸ ಅಷ್ಟೇ.

ಮಂಚೂರಿಯಾದಲ್ಲಿಲ್ಲದ ಮಂಚೂರಿ

ಇಷ್ಟು ಹೇಳಿ ಗೋಬಿ ಮಂಚೂರಿಯ ಹೆಸರೆತ್ತದಿದ್ದರೆ ಕರ್ನಾಟಕದ ಓದುಗರು ಕ್ಷಮಿಸಲಾರರು. ಚೀನಾದ ಈಶಾನ್ಯಕ್ಕಿರುವ ಮಂಚೂರಿಯಾಕ್ಕೆ ಹೋಗಿ ಅದನ್ನು ಕೇಳಿದರೆ ಯಾರಿಗೂ ಗೊತ್ತಾಗದು. ಅದರ ಮೂಲವಾದ ಚಿಕನ್ ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ. ಕಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಅದನ್ನು ಮಾಡಿದರೆಂದು ಅವರೇ ಹೇಳಿಕೊಂಡಿದ್ದಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ನಮ್ಮ ಮನೆಯವು. ಗರಂ ಮಸಾಲೆ ಹಾಕುವ ಕಡೆ ಸೋಯಾ ಸಾಸು ಹಾಕಿ, ಕಾರ್ನ್‌ಫ್ಲೋರಿನಿಂದ ಮಂದ ಮಾಡಿದ್ದು ಅವರ ಕೈಚಳಕ.

ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಸಸ್ಯಾಹಾರಿಗಳ ಮನೆ ಬಾಗಿಲಿಗೂ ಬಂತು. ಹೂಕೋಸೂ ಹೊರಗಿನದೇ; ಇಂಗ್ಲೆಂಡಿನಿಂದ 1822ರಲ್ಲಿ ಉತ್ತರ ಭಾರತದ ಸಹಾರನ್‌ಪುರಕ್ಕೆ ಬಂದ ತರಕಾರಿ. ಮೆಣಸಿನಕಾಯಿ ಅದಕ್ಕೂ ಮೊದಲು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮನೆಯಲ್ಲಿ ಹೂಕೋಸು ಎನ್ನುವ ನಾವು ಗಾಡಿಯ ಮುಂದೆ ನಿಂತಾಗ ಹಿಂದಿಯ ಗೋಬಿ ಎನ್ನುತ್ತೇವೆ. ಇಷ್ಟೆಲ್ಲ ದೇಶ ಸುತ್ತಿದ ತಿನಿಸು ಕೊನೆಗೆ ಬಂದು ನಿಂತದ್ದು ಸಂಜೆ ಐದರ ಮೇಲೆ ಬಸ್ ಸ್ಟಾಂಡಿನ ಬದಿಯ ತಳ್ಳುಗಾಡಿಯಲ್ಲಿ.

ಅದು ಅಷ್ಟು ಬೇಗ ಹರಡಿದ್ದಕ್ಕೆ ಲೆಕ್ಕಾಚಾರದ ಕಾರಣಗಳೂ ಇದ್ದವು. ಕೋಲಾರ, ಮಾಲೂರು, ಹೊಸಕೋಟೆ ಕಡೆಯಿಂದ ಕೋಸು, ಹೂಕೋಸು ನಗರದ ಪೂರ್ವ ಬಾಗಿಲಿಗೆ ಬಂದಿಳಿಯುತ್ತವೆ. ಒಂದು ಗಾಡಿ, ಒಂದು ಗ್ಯಾಸ್ ಒಲೆ, ಎರಡು ಬಾಣಲೆ ಇದ್ದರೆ ವ್ಯಾಪಾರ ಶುರು. ಮೇಜು ಕುರ್ಚಿ ಬೇಡ, ಬಾಡಿಗೆ ಇಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ದರ್ಶಿನಿ ಪದ್ಧತಿ ನಿಂತು ತಿನ್ನುವ ಅಭ್ಯಾಸವನ್ನು ಊರಿಗೆಲ್ಲ ಕಲಿಸಿತ್ತು. ಮುಂದೆ ದರ್ಶಿನಿಗಳೇ ಸಂಜೆ ಹೊತ್ತು ಚೈನೀಸ್ ಕೌಂಟರ್ ತೆರೆದವು. ಮಧ್ಯಾಹ್ನ ಅನ್ನ ಸಾಂಬಾರ್, ಸಂಜೆ ಅದೇ ಕಟ್ಟೆಯಲ್ಲಿ ಫ್ರೈಡ್ ರೈಸ್.

ಈ ಕಥೆಗೆ ಕಹಿಯಾದ ಅಧ್ಯಾಯವೂ ಒಂದಿದೆ. ಕರ್ನಾಟಕದ ಆರೋಗ್ಯ ಇಲಾಖೆ 2024ರ ಆರಂಭದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತು. ಆ ವರ್ಷದ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ತಪ್ಪಿತಸ್ಥರಿಗೆ ಏಳು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಎಚ್ಚರಿಸಿತು. ಅಗ್ಗವಾದದ್ದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಕೆಂಬಣ್ಣ ಕೇಳಿದವರು ಯಾರು? ಕೆಂಪಗಿದ್ದರೆ ಖಾರ, ಖಾರವಿದ್ದರೆ ರುಚಿ ಎಂದು ನಂಬಿದ ಗಿರಾಕಿಗಳೂ ಇದರಲ್ಲಿ ಪಾಲುದಾರರು. ಸೋಯಾ ಸಾಸು, ಬೆಳ್ಳುಳ್ಳಿ, ಮೆಣಸಿನ ಸಹಜ ಬಣ್ಣ ಕಂದು. ಅದು ಕಣ್ಣಿಗೆ ಕುಕ್ಕುವುದಿಲ್ಲ.

ಪೂರ್ವಕ್ಕೆ ಸರಿದ ಒಲೆ

ಗಾಡಿಗಳು ಊರೆಲ್ಲ ಹರಡಿದ ಕಾಲದಲ್ಲೇ ದೊಡ್ಡ ಹೋಟೆಲುಗಳು ಎಂ.ಜಿ. ರಸ್ತೆಯಿಂದ ಪೂರ್ವಕ್ಕೆ ಸರಿದವು. ಆ ದಿಕ್ಕಿಗೆ ಊರು ಬೆಳೆಯತೊಡಗಿದ್ದು ಕಾರ್ಖಾನೆಗಳಿಂದ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಅವರಿಗೆ ಜೊತೆಯಾದ ಅಮೆರಿಕದ ವಿಲಿಯಂ ಪಾಲಿ ಅದಕ್ಕೆ ಮೊದಲು ವಿಮಾನ ಕಟ್ಟುತ್ತಿದ್ದದ್ದು ಚೀನಾದಲ್ಲಿ, ಬರ್ಮಾ ಗಡಿಯ ಹತ್ತಿರ. 1948ರಲ್ಲಿ ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿ ಐ.ಟಿ.ಐ. ಬಂತು. ಹಲಸೂರಿಗೂ ಈ ಕಾರ್ಖಾನೆಗಳಿಗೂ ನಡುವೆ 1970ರ ದಶಕದಲ್ಲಿ ಇಂದಿರಾನಗರ ಬೆಳೆಯಿತು.

ನೌಕರರೂ ನಿವೃತ್ತರೂ ಮನೆ ಕಟ್ಟಿಕೊಂಡ ಶಾಂತ ಬಡಾವಣೆ ಅದು. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಅದರ ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಹೋಟೆಲುಗಳಾದವು. ಜಪಾನಿನ ಸುಷಿ, ಥಾಯ್ ಸಾರು, ಬರ್ಮಾದ ಖೌ ಸ್ವೇ ಎಲ್ಲವೂ ಈಗ ಅಲ್ಲಿ ಪರಿಚಿತ ಹೆಸರುಗಳು. ಆದರೆ ಅಲ್ಲಿ ಗಿರಾಕಿ ಕೊಡುವ ಹಣದಲ್ಲಿ ದೊಡ್ಡ ಪಾಲು ಕಟ್ಟಡದ ಬಾಡಿಗೆಗೂ ದೀಪಾಲಂಕಾರಕ್ಕೂ ಹೋಗುತ್ತದೆ. ಬಾಣಲೆಗೆ ಬೀಳುವುದು ಉಳಿದದ್ದು.

ಆ ಬಾಣಲೆಗಳ ಹಿಂದೆ ನಿಂತವರು ಯಾರು? ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಅಸ್ಸಾಂ, ಡಾರ್ಜಿಲಿಂಗ್, ನೇಪಾಳದ ಹುಡುಗ ಹುಡುಗಿಯರು ಹೆಚ್ಚು. ಈಶಾನ್ಯದವರು ಕೆಲಸಕ್ಕೂ ಓದಿಗೂ ಬಂದು ಕಮ್ಮನಹಳ್ಳಿ, ಲಿಂಗರಾಜಪುರ, ಈಜಿಪುರ, ನೀಲಸಂದ್ರಗಳ ಒಳರಸ್ತೆಗಳಲ್ಲಿ ಮನೆ ಹಿಡಿದರು. ಅವರಿಗಾಗಿ ಅವರೇ ತೆರೆದ ಪುಟ್ಟ ಹೋಟೆಲುಗಳಲ್ಲಿ ಬಿದಿರ ಕಳಲೆ, ಒಣಮೀನು, ಹುದುಗು ಬರಿಸಿದ ಸೋಯಾ ಕಾಳು ಹಾಕಿದ ಊಟ ಸಿಗುತ್ತದೆ. ಕಳಲೆ ನಮ್ಮ ಮಲೆನಾಡಿಗೂ ಕೊಡಗಿಗೂ ಹೊಸದೇನಲ್ಲ.

2012ರ ಆಗಸ್ಟ್ ತಿಂಗಳ ನಡುವಿನಲ್ಲಿ ಈ ನಂಟು ತುಂಡಾಗುವ ಹಾಗಾಗಿತ್ತು. ಅಸ್ಸಾಮಿನ ಗಲಭೆಗೆ ಇಲ್ಲಿ ಸೇಡು ತೀರಿಸುತ್ತಾರೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿತು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೋಗಬೇಡಿ ಎಂದು ಮಂತ್ರಿಗಳು ನಿಲ್ದಾಣಕ್ಕೆ ಹೋಗಿ ಕೇಳಿಕೊಂಡರು. ಕೇಂದ್ರ ಸರ್ಕಾರ ಒಂದು ಮೊಬೈಲಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಹೋಗದಂತೆ ಕೆಲ ದಿನ ತಡೆ ಹಾಕಿತು. ಅಷ್ಟರಲ್ಲಿ ನಗರದ ಅನೇಕ ಅಡುಗೆಮನೆಗಳು ಖಾಲಿಯಾಗಿದ್ದವು. ಸರ್ಕಾರದ ಆದೇಶ 1962ರಲ್ಲಿ ಜನರನ್ನು ರೈಲು ಹತ್ತಿಸಿತ್ತು. ಐವತ್ತು ವರ್ಷಗಳ ನಂತರ ಬರಿಯ ಸುಳ್ಳುಸುದ್ದಿ ಅದೇ ಕೆಲಸ ಮಾಡಿತು. ಸಮಾಧಾನದ ಸಂಗತಿಯೆಂದರೆ, ಹೋದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಮರಳಿ ಬಂದರು.

ಹಾಗಾದರೆ ಎಲ್ಲಿ ಹುಡುಕಬೇಕು?

ಮೊದಲಿನ ಪ್ರಶ್ನೆಗೆ ಮರಳೋಣ. ಈ ಚರಿತ್ರೆ ಓದುಗರಿಗೂ ಪ್ರವಾಸಿಗರಿಗೂ ಕೆಲವು ಸುಳಿವು ಕೊಡುತ್ತದೆ. ಮುಖ್ಯ ರಸ್ತೆಯ ಬೋರ್ಡು ನೋಡುವ ಮೊದಲು ಅದರ ಹಿಂದಿನ ಅಡ್ಡರಸ್ತೆ ನೋಡಬೇಕು. ಬಾಡಿಗೆ ಇಳಿದ ಕಡೆ ಬೆಲೆಯೂ ಇಳಿದಿರುತ್ತದೆ. ಯಾವ ನಾಡಿನ ಊಟವೋ ಆ ನಾಡಿನವರು ಒಳಗೆ ಕೂತು ತಿನ್ನುತ್ತಿದ್ದಾರೆಯೇ ಎಂದು ಗಮನಿಸಬೇಕು. ಮನೆಯ ನೆನಪಿಗಾಗಿ ತಿನ್ನಲು ಬಂದವರಿಗೆ ಹೆಚ್ಚು ದುಡ್ಡು ತೆರಲು ಆಗದು, ರುಚಿ ಕೆಟ್ಟರೆ ಸುಮ್ಮನಿರಲೂ ಆಗದು. ತಿನಿಸುಗಳ ಪಟ್ಟಿ ಉದ್ದವಾದಷ್ಟೂ ಅನುಮಾನ ಪಡಬೇಕು. ನಾಲ್ಕೇ ಬಗೆ ಮಾಡುವ ಕಡೆ ದಿನದ ಸಾಮಾನು ದಿನವೇ ಖರ್ಚಾಗುತ್ತದೆ. ಕೆಂಪು ಬಣ್ಣ ಹೊಳೆಯುವ ತಟ್ಟೆಯಿಂದ ದೂರವಿರಬೇಕು.

ಓಡಾಟವೂ ಈಗ ಸುಲಭ. 2011ರಲ್ಲಿ ಎಂ.ಜಿ. ರಸ್ತೆ ಮತ್ತು ಬೈಯಪ್ಪನಹಳ್ಳಿ ನಡುವೆ ಶುರುವಾದ ಮೆಟ್ರೊ, ಹಲಸೂರು ಇಂದಿರಾನಗರಗಳನ್ನು ಹಾದು ಹೋಗುತ್ತಿತ್ತು. 2023ರ ಅಕ್ಟೋಬರಿನಿಂದ ಅದೇ ಮಾರ್ಗದಲ್ಲಿ ಕೆ.ಆರ್. ಪುರ ದಾಟಿ ಹೋಗಬಹುದು. ಇನ್ನೂರು ವರ್ಷಗಳ ಅಡುಗೆಯ ಚರಿತ್ರೆಯ ಬಹುಪಾಲು ಈ ಒಂದು ಮಾರ್ಗದ ಆಚೀಚೆ ಇದೆ.

ಅದೇ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ರೈಲು ಟರ್ಮಿನಲ್ ತೆರೆಯಿತು. ಗುವಾಹಟಿ, ಹೌರಾಗಳ ರೈಲುಗಳು ಈಗ ಹೊರಡುವುದು ಅಲ್ಲಿಂದ, ಬಂದು ನಿಲ್ಲುವುದೂ ಅಲ್ಲೇ. ಇಳಿಯುವವರಲ್ಲಿ ಬಾಣಲೆ ಹಿಡಿಯಲು ಬಂದವರೂ ಇರುತ್ತಾರೆ. ಅವರು ಇಲ್ಲಿ ನಿರ್ಭಯವಾಗಿ ಮನೆ ಹಿಡಿದು, ಒಂದು ಒಲೆ ಹೂಡುವಷ್ಟು ಜಾಗ ಕೊಳ್ಳಲು ಸಾಧ್ಯವಾಗುವ ತನಕ ದಂಡಿನಲ್ಲಿ ಅಗ್ಗದ ಒಳ್ಳೆಯ ಊಟಕ್ಕೆ ಕೊರತೆ ಬಾರದು.